ಹಿಂತಿರುಗಿ ಬಂದವರ ಧರ್ಮಕೇಂದ್ರ



ವಿಭೂತಿ ಬುಧವಾರದಂದು ನಮ್ಮ ದೇವಾಲಯಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದು ಕಡ್ಡಾಯ ಹಬ್ಬವಲ್ಲ, ಕಚೇರಿಗೆ ರಜೆಯೂ ಇಲ್ಲ. ಆದರೂ ತಿಂಗಳುಗಟ್ಟಲೆ ಭಾನುವಾರದ ಬಲಿಪೂಜೆಯಲ್ಲಿ ಕಾಣದ ಮುಖಗಳು ಅಂದು ಕಾಣಿಸುತ್ತವೆ. ಅವರು ಮುಂದಿನ ಸಾಲಿಗೆ ಬರುವುದಿಲ್ಲ. ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಂತು, ಕೊನೆಯಲ್ಲಿ ಬಂದು ಹಣೆಗೆ ವಿಭೂತಿ ಇಡಿಸಿಕೊಂಡು ಹೊರಟುಬಿಡುತ್ತಾರೆ. ಅಂಥವರನ್ನು ಅಂಗಳದಲ್ಲಿ ತಡೆದು, "ಏನಪ್ಪಾ, ದಾರಿ ತಪ್ಪಿ ಈ ಕಡೆ ಬಂದೆಯಾ?" ಎಂದು ಕೇಳುವ ಹಿರಿಯರೊಬ್ಬರು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದೇ ಇರುತ್ತಾರೆ. ಪ್ರೀತಿಯಿಂದಲೇ ಆಡಿದ ಮಾತಾಗಿರಬಹುದು. ಕೇಳಿಸಿಕೊಂಡವರು ಮಾತ್ರ ಮುಂದಿನ ವಿಭೂತಿ ಬುಧವಾರದ ತನಕ ಮತ್ತೆ ಕಾಣಿಸುವುದಿಲ್ಲ.

ಈ ತಪಸ್ಸುಕಾಲದಲ್ಲಿ ನಮಗೆ ನೆನಪಾಗುವುದು ಹೀಗೆಯೇ ತಡವಾಗಿ, ತಲೆ ತಗ್ಗಿಸಿಕೊಂಡು ಬಂದ ನಮ್ಮ ಪೂರ್ವಿಕರ ಚರಿತ್ರೆ. ಅದು ಶುರುವಾದದ್ದೂ 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಆಸುಪಾಸಿನಲ್ಲೇ.

ಮೈಸೂರಿಗೂ ಇಂಗ್ಲಿಷರಿಗೂ ಎರಡನೆಯ ಯುದ್ಧ ಮುಗಿಯುತ್ತಿದ್ದ ಕಾಲ ಅದು. ಮಂಗಳೂರಿನ ಕೋಟೆ ಟಿಪ್ಪು ಸುಲ್ತಾನನ ಕೈಗೆ ಮರಳಿತ್ತು. ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಅನುಮಾನ ಸುಲ್ತಾನನಿಗಿತ್ತು. ಆ ಅನುಮಾನ ಎಷ್ಟು ನಿಜ ಎಂಬುದರಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ. ಅದರ ಫಲ ಮಾತ್ರ ಇಡೀ ಸಮುದಾಯದ ತಲೆಯ ಮೇಲೆ ಬಿತ್ತು. ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಎನ್ನದೆ ಎಲ್ಲರನ್ನೂ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಅವರ ಸಂಖ್ಯೆಯನ್ನು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬೇರೆಬೇರೆಯವರು ಬೇರೆಬೇರೆಯಾಗಿ ಬರೆದಿದ್ದಾರೆ. ದಾರಿಯಲ್ಲೇ ಸತ್ತವರು ಬಹಳ. ಗುರುಗಳನ್ನು ಗಡೀಪಾರು ಮಾಡಲಾಯಿತು. ಮಂಗಳೂರಿನ ಮಿಲಾಗ್ರಿಸ್ ದೇವಾಲಯವೂ ಸೇರಿ ಕರಾವಳಿಯ ದೇವಾಲಯಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಹೋಲಿ ಕ್ರಾಸ್ ದೇವಾಲಯ ಉಳಿಯಿತು. ಅದನ್ನು ಉಳಿಸಿಕೊಟ್ಟವರು ಅಲ್ಲಿನ ಜೈನ ಅರಸರಾದ ಚೌಟರು ಎಂಬುದನ್ನು ನಮ್ಮ ಜನ ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ.

ಇದನ್ನು ನಾವು ನೆನೆಯುವುದು ಯಾರ ಮೇಲೂ ಹಗೆ ಸಾಧಿಸಲಿಕ್ಕಲ್ಲ. ಸೆರೆಯಾದವರು ಕ್ರೈಸ್ತರು ಮಾತ್ರವಲ್ಲ, ಕೊಡವರೂ ಅದೇ ಪಾಡು ಪಟ್ಟರು. ಇನ್ನೊಂದು ಕಡೆ, 1791ರಲ್ಲಿ ಮರಾಠರ ದಂಡಿನವರು ಶೃಂಗೇರಿಯ ಮಠವನ್ನು ಲೂಟಿ ಮಾಡಿದಾಗ ಅದಕ್ಕೆ ನೆರವು ಕಳಿಸಿದವನೂ ಇದೇ ಸುಲ್ತಾನ. ಚರಿತ್ರೆಯ ಲೆಕ್ಕ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ನಾವು ಇಲ್ಲಿ ನೋಡಬೇಕಾದದ್ದು ನಮ್ಮ ಮನೆಯ ಲೆಕ್ಕವನ್ನು.

ಸೆರೆಯಲ್ಲಿ ಸಹಸ್ರಾರು ಗಂಡಸರಿಗೆ ಸುನ್ನತಿಯಾಯಿತು. ಹೆಸರುಗಳು ಬದಲಾದವು. ಪ್ರಾಯದವರು ಸೈನ್ಯಕ್ಕೆ ಸೇರಿಸಲ್ಪಟ್ಟರು. ಹದಿನೈದು ವರ್ಷ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವವರಿಗೆ ಅಂತ್ಯಾಭ್ಯಂಗವಿಲ್ಲ. 1784ರಲ್ಲಿ ತಾಯಿಯ ಸೊಂಟದ ಮೇಲೆ ಘಟ್ಟ ಹತ್ತಿದ ಕೂಸು, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹದಿನೈದರ ಹುಡುಗ. ಅವನು ಗುರುವಿನ ಮುಖವನ್ನೇ ಕಂಡಿರಲಿಲ್ಲ. ಪೀಠ ಎಂದರೇನು, ಪರಮಪ್ರಸಾದ ಎಂದರೇನು ಎಂದು ಅವನು ಕಿವಿಯಿಂದ ಕೇಳಿ ತಿಳಿದಿದ್ದರೆ ಅದು ಅಮ್ಮನ ಅಥವಾ ಅಜ್ಜಿಯ ಬಾಯಿಂದ. ಆಪತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಜಪಸರ ಹೇಳಲು ಗುರುಗಳ ಅಪ್ಪಣೆ ಬೇಕಿಲ್ಲ, ಮಣಿ ಇಲ್ಲದಿದ್ದರೆ ಹತ್ತು ಬೆರಳುಗಳು ಸಾಕು. ಇಷ್ಟು ಸಣ್ಣ ಬಂಡವಾಳದ ಮೇಲೆ ಹದಿನೈದು ವರ್ಷ!

ಕೋಟೆ ಬಿದ್ದ ಮೇಲೆ ಅಳಿದುಳಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಅಲ್ಲಿಗೆ ಬಂದವರು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬುವಾ. ಆಗ ಅವರಿಗೆ ಮೂವತ್ತನಾಲ್ಕರ ಹತ್ತಿರದ ವಯಸ್ಸು. ನಮ್ಮವರಂತೆಯೇ ಉಡುಪು, ನಮ್ಮವರಂತೆಯೇ ಊಟ. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ದೇವಾಲಯ ಇಂದಿಗೂ ಅವರ ಹೆಸರಿನಿಂದಲೇ ಪರಿಚಿತ. ಹಿಂದೂ ಆಚಾರ ವಿಚಾರಗಳನ್ನು ಕುರಿತ ಗ್ರಂಥದಿಂದ ಅವರು ಲೋಕಪ್ರಸಿದ್ಧರಾದರು. ಅದರ ಹಸ್ತಪ್ರತಿಗೆ ಕಂಪನಿ ಸರ್ಕಾರ 1807ರಲ್ಲಿ ಎರಡು ಸಾವಿರ ವರಹ ಕೊಟ್ಟಿತು. (ಅದರಲ್ಲಿ ಬಹುಪಾಲು, ಅವರಿಗಿಂತ ಮೊದಲಿದ್ದ ಯೇಸುಸಭೆಯ ಕೂರ್ದೂ ಎಂಬ ಗುರುಗಳ ಬರಹದಿಂದ ಬಂದದ್ದು ಎಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಗ್ರಂಥದ ಕೀರ್ತಿ ಅಷ್ಟಕ್ಕೇ ಇರಲಿ.) ನಮ್ಮ ಧರ್ಮಕೇಂದ್ರಗಳಿಗೆ ಮುಖ್ಯವಾದದ್ದು ಅವರ ಬಾಗಿಲಿಗೆ ಬಂದ ಜನ.

ಸುಮಾರು ಎರಡು ಸಾವಿರ ಮಂದಿ ತಮ್ಮ ಬಳಿಗೆ ಬಂದರೆಂದು, ಇಪ್ಪತ್ತು ಸಾವಿರದಷ್ಟು ಜನ ಮಂಗಳೂರಿನ ಕಡೆಗೆ ಮರಳಿ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡರೆಂದು ಅವರೇ ಬರೆದಿದ್ದಾರೆ. ಬಂದವರು ಹೇಳಿಕೊಂಡದ್ದು ಒಂದೇ ಮಾತು: ವಿಶ್ವಾಸ ಬಿಟ್ಟದ್ದು ಹೊರಗೆ ಮಾತ್ರ, ಒಳಗೆ ಅದನ್ನು ಕಾಪಾಡಿಕೊಂಡಿದ್ದೆವು ಎಂದು. ದೊಡ್ಡಸ್ವಾಮಿಯವರು ಅವರನ್ನು ಸೇರಿಸಿಕೊಂಡರು.

ಸೇರಿಸಿಕೊಂಡರು, ಆದರೆ ಮರೆಯಲಿಲ್ಲ. 1823ರಲ್ಲಿ ಫ್ರಾನ್ಸಿಗೆ ಮರಳಿದ ವರ್ಷವೇ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ ಈ ಪ್ರಸಂಗ ಬರುತ್ತದೆ. ಅಷ್ಟು ಸಾವಿರ ಜನರಲ್ಲಿ ಎದ್ದು ನಿಂತು ರಕ್ತಸಾಕ್ಷಿಯಾಗುವ ಧೈರ್ಯ ಒಬ್ಬರಿಗೂ ಇರಲಿಲ್ಲವಲ್ಲ, ಎಂಥ ನಾಚಿಕೆಗೇಡು ಎಂದು ಅವರು ಕಟುವಾಗಿ ಬರೆದರು. ಹೇಡಿಗಳು ಎಂದೇ ಕರೆದರು. ಮೊದಲ ಸಲ ಆ ಪುಟವನ್ನು ಓದಿದಾಗ ನಮಗೆ ಕೆನ್ನೆಗೆ ಹೊಡೆದಂತಾಯಿತು. ಆಮೇಲೆ ಯೋಚನೆ ಬಂತು: ಅವರು ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲವಲ್ಲ. ಜನ ಬಗ್ಗಿದ್ದು ನಿಜ. ನಮ್ಮ ಪೂರ್ವಿಕರೆಲ್ಲ ವೀರರು ಎಂದು ವೇದಿಕೆಯಲ್ಲಿ ಭಾಷಣ ಮಾಡುವುದು ಸುಲಭ, ಆದರೆ ಸತ್ಯವಲ್ಲ.

ಹಾಗಾದರೆ ಧರ್ಮಸಭೆ ಇಂಥವರನ್ನು ಏನು ಮಾಡಬೇಕು? ಈ ಪ್ರಶ್ನೆ ಶ್ರೀರಂಗಪಟ್ಟಣದಲ್ಲಿ ಹುಟ್ಟಿದ್ದಲ್ಲ. 250ರಲ್ಲಿ ರೋಮ್ ಚಕ್ರವರ್ತಿ ಡೇಸಿಯಸ್, ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಸರ್ಕಾರದ ಚೀಟಿ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಆಫ್ರಿಕದ ಕಾರ್ತೇಜಿನಲ್ಲಿ ಕ್ರೈಸ್ತರು ಗುಂಪುಗುಂಪಾಗಿ ಹೋಗಿ ಬಲಿ ಅರ್ಪಿಸಿದರು. ಕೆಲವರು ಲಂಚ ಕೊಟ್ಟು ಬರೀ ಚೀಟಿ ಪಡೆದರು. ಅಲ್ಲಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯನ್ನರೇ ತಲೆಮರೆಸಿಕೊಂಡಿದ್ದರು. ಹಿಂಸೆ ತಗ್ಗಿದ ಮೇಲೆ ಬಿದ್ದವರು ಬಾಗಿಲಿಗೆ ಬಂದರು. ಇವರಿಗೆ ಎಂದಿಗೂ ಕ್ಷಮೆಯಿಲ್ಲ ಎಂದು ರೋಮಿನಲ್ಲಿ ನೊವಾಷಿಯನ್ ಹಠ ಹಿಡಿದ. ಏನೂ ಆಗಲಿಲ್ಲವೆಂಬಂತೆ ಕೂಡಲೇ ಪರಮಪ್ರಸಾದ ಕೊಡಿ ಎಂದು ಇನ್ನು ಕೆಲವರು ಒತ್ತಾಯಿಸಿದರು. 251ರಲ್ಲಿ ಕಾರ್ತೇಜಿನಲ್ಲಿ ಸೇರಿದ ಧರ್ಮಾಧ್ಯಕ್ಷರು, ಪ್ರಾಯಶ್ಚಿತ್ತ ಮಾಡಲಿ, ಬಾಗಿಲು ಮಾತ್ರ ಮುಚ್ಚುವುದು ಬೇಡ ಎಂದು ತೀರ್ಮಾನಿಸಿದರು. ನೊವಾಷಿಯನ್ನನೇ ಹೊರಗುಳಿದ. ಅಂದು ತಲೆಮರೆಸಿಕೊಂಡಿದ್ದ ಸಿಪ್ರಿಯನ್ನರು ಏಳು ವರ್ಷಗಳ ನಂತರ, 258ರ ಸೆಪ್ಟೆಂಬರ್ 14ರಂದು, ಕತ್ತಿಗೆ ತಲೆಯೊಡ್ಡಿ ರಕ್ತಸಾಕ್ಷಿಯಾದರು. ಒಂದು ದಿನ ಅಂಜಿದವನು ಇನ್ನೊಂದು ದಿನ ಅಂಜದೆ ಇರಬಹುದು. ಪ್ರಧಾನ ಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ಮೂರು ಸಲ ಅಲ್ಲಗಳೆದ ಪೇತ್ರರ ಕಥೆಯನ್ನು ನಾವು ಪ್ರತಿ ಶುಭ ಶುಕ್ರವಾರ ಕೇಳುತ್ತೇವಷ್ಟೆ. ಪುನರುತ್ಥಾನದ ನಂತರ ಪ್ರಭು ಅವರನ್ನು ಕೇಳಿದ್ದು 'ಏಕೆ ಅಲ್ಲಗಳೆದೆ' ಎಂದಲ್ಲ.

ದೊಡ್ಡಸ್ವಾಮಿಯವರಿಗೂ ಇದು ಹತ್ತಿರದ ಸಂಗತಿಯೇ ಆಗಿತ್ತು. ಅವರು ಗುರುದೀಕ್ಷೆ ಪಡೆದು ಭಾರತಕ್ಕೆ ಹಡಗು ಹತ್ತಿದ್ದು 1792ರಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ನೂರಾರು ಗುರುಗಳನ್ನು ಕೊಂದರು. ಅಲ್ಲಿ ಸತ್ತವರಲ್ಲಿ 191 ಮಂದಿಯನ್ನು ಧರ್ಮಸಭೆ 1926ರಲ್ಲಿ ಧನ್ಯರೆಂದು ಘೋಷಿಸಿತು. ಆದರೆ ಫ್ರಾನ್ಸಿನ ಗುರುಗಳಲ್ಲಿ ಅರ್ಧದಷ್ಟು ಜನ ಕ್ರಾಂತಿ ಸರ್ಕಾರದ ಪ್ರಮಾಣವಚನ ಸ್ವೀಕರಿಸಿದ್ದರು, ಅವರಲ್ಲಿ ಅನೇಕರು ನಂತರ ಪಶ್ಚಾತ್ತಾಪಪಟ್ಟು ಮರಳಿದರು. ಪೀಠದ ಮುಂದೆ ನಿಲ್ಲುವ ಅಭಿಷಿಕ್ತರೇ ಹಾಗೆ ಮಾಡಿರುವಾಗ, ಸಂಕೋಲೆಯಲ್ಲಿದ್ದ ಬೇಸಾಯಗಾರನನ್ನು ಹೇಡಿ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಅವರ ಬರಹಕ್ಕಿಂತ ಅವರ ಕೆಲಸ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ಬಂದವರಿಗೆ ಪಾಪಕ್ಷಮೆ ಕೊಟ್ಟು ಕಳಿಸಿಬಿಡಲಿಲ್ಲ. ಹೊಟ್ಟೆಗಿಲ್ಲದವನ ವಿಶ್ವಾಸ ಎಷ್ಟು ದಿನ ನಿಂತೀತು ಎಂಬುದು ಅವರಿಗೆ ಗೊತ್ತಿತ್ತು. ಬಡ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆಗಳನ್ನು ಮಾಡಿಕೊಟ್ಟರು. ಅದರಲ್ಲಿ ಮುಖ್ಯವಾದದ್ದು ಹಾಸನದ ಬಳಿಯ ಸಾತಳ್ಳಿ. 1803-04ರಲ್ಲಿ ಸಿಡುಬಿನ ವಿರುದ್ಧ ಹೊಸದಾಗಿ ಬಂದಿದ್ದ ದೇವಿ ಹಾಕುವ ಕೆಲಸಕ್ಕೆ ನಿಂತು, ಜನರ ವಿರೋಧದ ನಡುವೆಯೂ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮಂದಿಗೆ ಹಾಕಿಸಿದರು. ಅದರಲ್ಲಿ ಜಾತಿ ಮತ ನೋಡಲಿಲ್ಲ.

ಆದರೂ ಹೊರಡುವಾಗ ಅವರ ಮನಸ್ಸು ಸೋತಿತ್ತು. ಇಷ್ಟು ವರ್ಷಗಳಲ್ಲಿ ತಾವು ಹೊಸದಾಗಿ ವಿಶ್ವಾಸಕ್ಕೆ ತಂದದ್ದು ಇನ್ನೂರು ಮುನ್ನೂರು ಮಂದಿಯನ್ನು ಮಾತ್ರ ಎಂದು ಲೆಕ್ಕ ಹಾಕಿದರು. ಈ ನಾಡಿನಲ್ಲಿ ಕ್ರೈಸ್ತ ಧರ್ಮಕ್ಕೆ ಭವಿಷ್ಯವಿಲ್ಲವೆಂದೇ ಬರೆದರು. 1823ರ ಜನವರಿಯಲ್ಲಿ ಹಡಗು ಹತ್ತಿದ ಅವರು ಮತ್ತೆ ಭಾರತಕ್ಕೆ ಬರಲಿಲ್ಲ. ತಮ್ಮ ಸಂಸ್ಥೆಯ ಶ್ರೇಷ್ಠಾಧಿಕಾರಿಯಾಗಿ ದುಡಿದು 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ತಮ್ಮ ಲೆಕ್ಕದಲ್ಲಿ ಆ ಎರಡು ಸಾವಿರ ಮಂದಿಯನ್ನು ಅವರು ಗಳಿಕೆಯ ಕಡೆ ಬರೆದುಕೊಂಡಿರಲಿಲ್ಲ.

ಇಂದು ಹಾಸನದ ಕಡೆ ಹೋಗುವ ಪ್ರವಾಸಿಗರು ಹೇಮಾವತಿಯ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಪಾಳು ದೇವಾಲಯದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸಾತಳ್ಳಿಯನ್ನು ನೋಡಲು ಯಾರೂ ಹೋಗುವುದಿಲ್ಲ. ಅಲ್ಲಿ ನೋಡಲಿಕ್ಕೆ ಪಾಳು ಬಿದ್ದದ್ದು ಏನಿದೆ? ಅದು ನಮ್ಮ ನಿಮ್ಮ ಊರಿನ ಹಾಗೆ ಒಂದು ಧರ್ಮಕೇಂದ್ರ, ಅಷ್ಟೆ. ಈ ವರ್ಷವೂ ವಿಭೂತಿ ಬುಧವಾರದಂದು ಅಲ್ಲಿಯೂ ಒಬ್ಬಿಬ್ಬರು ತಡವಾಗಿ ಬಂದು ಹಿಂದಿನ ಬಾಗಿಲ ಬಳಿ ನಿಲ್ಲುತ್ತಾರೆ.