ಕೆರೆಯ ಮೀನು, ತೊಟ್ಟಿಯ ಮೀನು

ಮಡಿವಾಳದ ಯಾವುದಾದರೂ ಮನೆಯ ಹಿತ್ತಿಲ ತೊಟ್ಟಿಯಲ್ಲಿ ಬಣ್ಣದ ಕೋಯಿ ಮೀನು ಕಂಡರೆ, ಅದು ನಮ್ಮ ಕೆರೆಗಳ ಗೆಂಡೆ ಮೀನಿನ ನೆಂಟನೆಂದು ತಿಳಿಯಿರಿ. ಜಪಾನಿನ ನೀಗಾಟದ ರೈತರು 19ನೇ ಶತಮಾನದಲ್ಲಿ ಈ ತಳಿಯನ್ನು ರೂಪಿಸಿದರು. 1914ರ ಟೋಕಿಯೋ ಪ್ರದರ್ಶನದಿಂದ ಅದಕ್ಕೆ ಹೆಸರು ಬಂತು.

ನೆಂಟರಾದ್ದರಿಂದ ಇಬ್ಬರ ಕಷ್ಟವೂ ಒಂದೇ. ಬೆಂಗಳೂರಿನ ಸ್ಯಾಂಕಿ ಕೆರೆಯಲ್ಲಿ 1995ರಲ್ಲಿ, ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ಚರಂಡಿ ನೀರಿನ ಕೊಳೆಯನ್ನು ಜೀರ್ಣಿಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವ ಮೀನಿಗೆ ಉಸಿರು ಕಟ್ಟುತ್ತದೆ.

ತೊಟ್ಟಿಯಲ್ಲಿ ಚರಂಡಿಯ ಕೆಲಸ ಮಾಡುವುದು ನಾವು ಅಕ್ಕರೆಯಿಂದ ಹಾಕುವ ಹೆಚ್ಚಿನ ಆಹಾರ. ಅದೂ ಮೀನಿನ ಹೊಲಸೂ ಸೇರಿ ಅಮೋನಿಯಾ ಆಗುತ್ತದೆ. ತಿಳಿನೀರು ನಮ್ಮ ಕ್ಯಾಮೆರಾಕ್ಕೆ ಚೆಂದ. ಅಮೋನಿಯಾ ಮಾತ್ರ ಕ್ಯಾಮೆರಾಕ್ಕೆ ಕಾಣುವುದಿಲ್ಲ! ಫಿಲ್ಟರಿನ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಸ್ಪಂಜನ್ನು ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ತೊಳೆದರೆ ಅವೇ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿ ಜಾಲಾಡಿಸಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಹಾರ ನಿಲ್ಲಿಸಿ, ತೊಟ್ಟಿಯ ನೀರನ್ನೇ ಬಕೆಟಿನಲ್ಲಿ ಎತ್ತಿ ಮೇಲಿನಿಂದ ಸುರಿಯಿರಿ. ಬೀಳುವ ನೀರು ಗಾಳಿಯನ್ನೂ ಒಳಗೆ ಒಯ್ಯುತ್ತದೆ.