ಜೆಟ್ ಎಂಜಿನ್: ಬೆಂಗಳೂರಿನ ಅಧ್ಯಾಯ

ಗಾಳಿಯನ್ನು ಎದುರಿನಿಂದ ಎಳೆದುಕೊಂಡು, ಒತ್ತಿ, ಅದರಲ್ಲಿ ಇಂಧನ ಉರಿಸಿ, ಕಾದ ಅನಿಲವನ್ನು ಹಿಂದಕ್ಕೆ ರಭಸದಿಂದ ಚಿಮ್ಮಿಸುವ ಯಂತ್ರ ಜೆಟ್ ಎಂಜಿನ್. ಚಿಮ್ಮುವ ಅನಿಲದ ಪ್ರತಿಕ್ರಿಯೆಯೇ ವಿಮಾನವನ್ನು ಮುಂದಕ್ಕೆ ತಳ್ಳುವ ನೂಕುಬಲ. ಅನಿಲ ಹೊರಬೀಳುವ ಮುನ್ನ ಟರ್ಬೈನಿನ ಅಲಗುಗಳನ್ನು ತಿರುಗಿಸುತ್ತದೆ. ಟರ್ಬೈನು ತನ್ನ ದಂಡದ ಇನ್ನೊಂದು ತುದಿಯಲ್ಲಿರುವ ಸಂಕೋಚಕವನ್ನು ತಿರುಗಿಸುತ್ತದೆ. ಹೀಗೆ ಒಮ್ಮೆ ಚಾಲೂ ಆದ ಎಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಒತ್ತಿಕೊಳ್ಳುತ್ತದೆ. ಬ್ರಿಟನ್ನಿನ ಫ್ರ್ಯಾಂಕ್ ವಿಟ್ಲ್ 1930ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದ. ಜರ್ಮನಿಯ ಹಾನ್ಸ್ ಫಾನ್ ಓಹೈನ್ ರೂಪಿಸಿದ ಎಂಜಿನ್ನಿನಿಂದ ಮೊದಲ ಜೆಟ್ ವಿಮಾನ 1939ರ ಆಗಸ್ಟ್ 27ರಂದು ಹಾರಿತು.

ಭಾರತದಲ್ಲಿ ಈ ವಿದ್ಯೆ ಬೇರೂರಿದ್ದು ಬೆಂಗಳೂರಿನಲ್ಲಿ. ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಹುಟ್ಟಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ (ಎಚ್‌ಎಎಲ್) 1957ರಲ್ಲಿ ಎಂಜಿನ್ ವಿಭಾಗ ತೆರೆದು, ಬ್ರಿಟನ್ನಿನ ಆರ್ಫಿಯಸ್ ಎಂಜಿನ್ನನ್ನು ಪರವಾನಗಿಯ ಮೇಲೆ ತಯಾರಿಸತೊಡಗಿತು. ನ್ಯಾಟ್ ಯುದ್ಧವಿಮಾನಕ್ಕೆ ಅದು ಒಪ್ಪಿತು. ಆದರೆ ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಮಾರ್ಗದರ್ಶನದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಹಾರಿದ ಮಾರುತ್ ವಿಮಾನಕ್ಕೆ ಅದೇ ಎಂಜಿನ್ ತೊಡಕಾಯಿತು. ಶಬ್ದದ ವೇಗವನ್ನು ಮೀರುವ ಉದ್ದೇಶದಿಂದ ರಚಿಸಿದ ವಿಮಾನಕ್ಕೆ ದಕ್ಕಿದ್ದು ತಲಾ ಸುಮಾರು 22 ಕಿಲೋನ್ಯೂಟನ್ ನೂಕುಬಲದ ಎರಡು ಆರ್ಫಿಯಸ್‌ಗಳು ಮಾತ್ರ. ಹೆಚ್ಚು ಶಕ್ತಿಯ ಆರ್ಫಿಯಸ್ ಬ್ರಿಟನ್ನಿನಲ್ಲಿ ಪೂರ್ತಿಯಾಗಲೇ ಇಲ್ಲ. ಈಜಿಪ್ಟಿನ ಇ-300 ಎಂಜಿನ್ ಜೋಡಿಸುವ ಪ್ರಯತ್ನವೂ ಫಲಿಸಲಿಲ್ಲ. ಎಂಜಿನ್ನಿಗಾಗಿ ಪರರ ಕೈ ಕಾಯಬೇಕಾದ ದೇಶದ ಕಷ್ಟಕ್ಕೆ ಮಾರುತ್‌ಗಿಂತ ಸ್ಪಷ್ಟ ಉದಾಹರಣೆ ಇಲ್ಲ.

ಸ್ವಂತ ವಿನ್ಯಾಸದ ಹೊಣೆ ಬಿದ್ದದ್ದು ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯ (ಜಿಟಿಆರ್‌ಇ) ಮೇಲೆ. ಕಾನ್ಪುರದಲ್ಲಿ 1959ರಲ್ಲಿ ಚಿಕ್ಕ ಕೇಂದ್ರವಾಗಿ ಆರಂಭವಾದ ಇದು ಬಳಿಕ ಬೆಂಗಳೂರಿಗೆ ಬಂತು. ಜಿಟಿಎಕ್ಸ್-37 ಸರಣಿಯ ಎಂಜಿನ್‌ಗಳಲ್ಲಿ ಪಡೆದ ಅನುಭವದ ಮೇಲೆ, ದೇಶದ್ದೇ ಆದ ತೇಜಸ್ ಯುದ್ಧವಿಮಾನಕ್ಕಾಗಿ ಕಾವೇರಿ ಎಂಜಿನ್ ಯೋಜನೆಗೆ 1989ರಲ್ಲಿ ಮಂಜೂರಾತಿ ದೊರೆಯಿತು. ಗುರಿ 52 ಕಿಲೋನ್ಯೂಟನ್ ನೂಕುಬಲ. ಬಾಲದಲ್ಲಿ ಮತ್ತೊಮ್ಮೆ ಇಂಧನ ಉರಿಸುವ ಆಫ್ಟರ್‌ಬರ್ನರ್ ಸೇರಿದರೆ 81. ಎಂಜಿನ್ನಿನ ಒಡಲಿಗೆ ಕಾವೇರಿಯ ಉಪನದಿ ಕಬಿನಿಯ ಹೆಸರಿಟ್ಟರು.

ಕಾವೇರಿಗೆ ಕಷ್ಟ ಎದುರಾದದ್ದು ಮುಖ್ಯವಾಗಿ ಬಿಸಿ ಭಾಗದಲ್ಲಿ. ಟರ್ಬೈನಿಗೆ ಒಳಬರುವ ಅನಿಲ ಹೆಚ್ಚು ಕಾದಷ್ಟೂ ನೂಕುಬಲ ಹೆಚ್ಚು. ಯುದ್ಧವಿಮಾನದ ಎಂಜಿನ್ನಿನಲ್ಲಿ ಆ ಅನಿಲದ ತಾಪ ಅಲಗಿನ ಲೋಹ ಕರಗುವ ಮಟ್ಟವನ್ನೇ ಮೀರುತ್ತದೆ. ಅಲಗು ಕರಗದಿರಬೇಕಾದರೆ ಅದನ್ನು ಟೊಳ್ಳಾಗಿ ಎರಕ ಹೊಯ್ದು, ಒಳಗೆ ತಂಪು ಗಾಳಿ ಹರಿಸಿ, ಸಣ್ಣ ರಂಧ್ರಗಳಿಂದ ಆ ಗಾಳಿಯನ್ನು ಮೈಮೇಲೆ ಪೊರೆಯಂತೆ ಹರಡಬೇಕು. ಇಡೀ ಅಲಗು ನಿಕ್ಕಲ್ ಮಿಶ್ರಲೋಹದ ಒಂದೇ ಹರಳಾಗಿ ಬೆಳೆದರೆ ಇನ್ನೂ ಉತ್ತಮ. ಇಂಥ ಅಲಗು ಮಾಡುವ ಕೌಶಲವನ್ನು ಕೆಲವೇ ದೇಶಗಳು ಗಳಿಸಿವೆ, ಮತ್ತು ಅದನ್ನು ಮಾರಲು ಒಪ್ಪುವುದು ತೀರ ವಿರಳ.

ಕಾವೇರಿಯ ತೂಕ ಗುರಿಯನ್ನು ಮೀರಿತು, ನೂಕುಬಲ ಗುರಿಯನ್ನು ಮುಟ್ಟಲಿಲ್ಲ. ತೇಜಸ್ 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಏರಿದ್ದು ಅಮೆರಿಕದ ಎಫ್-404 ಎಂಜಿನ್ನಿನಿಂದ. ಕಾವೇರಿಯನ್ನು ತೇಜಸ್‌ನಿಂದ 2008ರಲ್ಲಿ ಬೇರ್ಪಡಿಸಲಾಯಿತು. ಆದರೂ ಕೆಲಸ ನಿಲ್ಲಲಿಲ್ಲ. ರಷ್ಯಾದಲ್ಲಿ ಐಎಲ್-76 ವಿಮಾನಕ್ಕೆ ಕಟ್ಟಿ 2010ರಲ್ಲಿ ಅದನ್ನು ಆಕಾಶದಲ್ಲಿ ಪರೀಕ್ಷಿಸಿದರು. ಎಚ್‌ಎಎಲ್ ತರಬೇತಿ ವಿಮಾನಗಳಿಗೆಂದು 25 ಕಿಲೋನ್ಯೂಟನ್‌ನ ಎಂಜಿನ್ ಒಂದನ್ನು ಕೈಗೆತ್ತಿಕೊಂಡಿತು. ಆಫ್ಟರ್‌ಬರ್ನರ್ ಇಲ್ಲದ ಕಾವೇರಿಯನ್ನು ಪೈಲಟ್‌ರಹಿತ ಯುದ್ಧವಿಮಾನಕ್ಕಾಗಿ ಜಿಟಿಆರ್‌ಇ ಮುಂದುವರಿಸಿದೆ.