ಪದ ಪರಿಚಯ: ಜೀವಕೋಶ

ಸಂಸ್ಕೃತದ 'ಕೋಶ'ಕ್ಕೆ ಒರೆ, ಚೀಲ, ಭಂಡಾರ ಎಂಬೆಲ್ಲ ಅರ್ಥಗಳಿವೆ. ಕತ್ತಿಯ ಒರೆ ಕೋಶ, ಅರಸನ ಬೊಕ್ಕಸ ಕೋಶ, ಪದಗಳ ಭಂಡಾರವೂ ಕೋಶ. ಮೈಯೊಳಗಿನ ಅಂಗಗಳಿಗೂ ಕನ್ನಡ ಇದನ್ನೇ ಬಳಸಿತು: ಮೂತ್ರಕೋಶ, ಪಿತ್ತಕೋಶ, ಗರ್ಭಕೋಶ. ಹಾಗಾಗಿ 'ಸೆಲ್' ಎಂಬ ಅರ್ಥ ಖಚಿತವಾಗಲು 'ಜೀವ' ಸೇರಬೇಕಾಯಿತು.

'ಸೆಲ್' ಬಂದದ್ದು ಚಿಕ್ಕ ಕೋಣೆ ಎಂಬರ್ಥದ ಲ್ಯಾಟಿನ್ 'ಸೆಲ್ಲಾ'ದಿಂದ. 1665ರಲ್ಲಿ ರಾಬರ್ಟ್ ಹುಕ್ ಬಿರಡೆಮರದ ತೊಗಟೆಯ ತೆಳುಪದರದಲ್ಲಿ ಕಂಡ ಗೂಡುಗಳಿಗೆ ಈ ಹೆಸರಿಟ್ಟ. ಅವನು ನೋಡಿದ್ದು ಸತ್ತ ಕೋಶಗಳ ಗೋಡೆಗಳನ್ನಷ್ಟೇ.

ದೆಹಲಿಯ ಹಿಂದಿ ಪಠ್ಯಗಳಲ್ಲಿ ಇದು 'ಕೋಶಿಕಾ', ಅಂದರೆ ಪುಟ್ಟ ಕೋಶ. ಅಲ್ಲಿ ಅಂಗಗಳಿಗೆ 'ಮೂತ್ರಾಶಯ', 'ಪಿತ್ತಾಶಯ' ಎಂಬ ಬೇರೆ ಹೆಸರುಗಳಿರುವುದರಿಂದ ಗೊಂದಲವಿಲ್ಲ. ನಮ್ಮ ಕೋಶಭಿತ್ತಿ ಅಲ್ಲಿ 'ಕೋಶಿಕಾ ಭಿತ್ತಿ', ಕೋಶಕೇಂದ್ರ 'ಕೇಂದ್ರಕ'.

ಬಳಕೆ: ಬ್ಯಾಕ್ಟೀರಿಯಾ ಏಕಕೋಶ ಜೀವಿ, ಅದರಲ್ಲಿ ಪೊರೆಯಿರುವ ಕೋಶಕೇಂದ್ರವಿಲ್ಲ. ಗಿಡಗಳಿಗೆ, ಪ್ರಾಣಿಗಳಿಗೆ ಅದುಂಟು. ಕೋಶಭಿತ್ತಿ ಗಿಡಕ್ಕುಂಟು, ಪ್ರಾಣಿಗಿಲ್ಲ.

ಎಚ್ಚರ ಬೇಕಾದ ಪದ 'ಪರಾಗಕೋಶ'. ಅದು ಒಂದು ಜೀವಕೋಶವಲ್ಲ, ಪರಾಗ ತುಂಬಿದ ಚೀಲ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಿಪ್ರಾ ಗುಹಾ ಮತ್ತು ಸತೀಶ್ ಚಂದ್ರ ಮಹೇಶ್ವರಿ ದತ್ತೂರಿ ಹೂವಿನ ಪರಾಗಕೋಶವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಭ್ರೂಣಗಳನ್ನು ಪಡೆದರು. ಅವು ಹುಟ್ಟಿದ್ದು ಚೀಲದ ಗೋಡೆಯಿಂದಲ್ಲ, ಒಳಗಿನ ಪರಾಗದ ಜೀವಕೋಶಗಳಿಂದ. ಹೀಗೆ ಬೆಳೆದ ಗಿಡದಲ್ಲಿ 24ರ ಬದಲು 12 ವರ್ಣತಂತುಗಳಿರುತ್ತವೆ.

ಬರೆಯುವಾಗ ಮೊದಲ ಸಲ 'ಜೀವಕೋಶ' ಎನ್ನಿ. ಆಮೇಲೆ ಬರೀ 'ಕೋಶ' ಸಾಕು.